ಐದಾದ ಮೇಲೆ ಮುಂದಿನ ಮಾತು

“ಆ ಕೈ ಅಲ್ಲಪ್ಪಾ, ಈ ಕೈ!” ಭಾಷಣದ ಮೇಷ್ಟ್ರು ಅವನ ಬಲಗೈಯನ್ನು ಹಿಡಿದು ಪ್ಯಾಂಟಿನ ಜೇಬಿನೊಳಗೆ ತುರುಕಿದರು. “ಇದು ಇಲ್ಲೇ ಬಿದ್ದಿರಲಿ. ‘ಕಾರ್ಖಾನೆ ನಮಗೆ ಕೊಟ್ಟಿದ್ದು ಐದು’ ಅಂದ ತಕ್ಷಣ ಎಡಗೈ ಎತ್ತು. ಬಾಯಿ ಮುಚ್ಚು. ಸಂಬಳ, ಬೋನಸ್ಸು, ಊಟ ಅಂತ ಮನಸ್ಸಲ್ಲೇ ಎಣಿಸ್ತಾ ಒಂದೊಂದೇ ಬೆರಳು ಮಡಿಸು. ಐದಾದ ಮೇಲೇ ಮುಂದಿನ ಮಾತು. ಭಾಷಣಗಾರ ಆಗೋದು ಮಾತಿನಿಂದಲ್ಲ ಕಣಯ್ಯಾ, ಮೌನದಿಂದ!”

ಮೌನದ ಬಗ್ಗೆ ಮೇಷ್ಟ್ರು ಎರಡು ಗಂಟೆ ಬಿಡದೆ ಮಾತಾಡಬಲ್ಲರು. ಜನ್ಮದಲ್ಲಿ ಒಂದು ಸ್ಕ್ರೂ ತಿರುಗಿಸಿದವರಲ್ಲ. ಆದರೆ ಕಾರ್ಖಾನೆಯಲ್ಲಿ ಯಾರು ಹೇಗೆ ಬಾಯಿ ಬಿಡಬೇಕು ಎಂದು ಕಲಿಸುವವರು ಅವರೇ.

ಮೂರು ತಿಂಗಳ ಹಿಂದೆ ಪ್ರೆಸ್ ಮೆಷಿನ್ನು ಅವನ ಬಲಗೈಯ ಎರಡು ಬೆರಳು ನುಂಗಿತ್ತು. ಕೈ ಒಳಗೆ ಹೋಗದಂತೆ ಮೆಷಿನ್ನಿಗೆ ಅಡ್ಡಲಾಗಿ ಒಂದು ಕಬ್ಬಿಣದ ಜಾಲರಿ ಇತ್ತು. ಜಾಲರಿ ಇದ್ದರೆ ಕೆಲಸ ನಿಧಾನವೆಂದು ಮ್ಯಾನೇಜರ್ ತಾನೇ ನಿಂತು ಅದನ್ನು ಬಿಚ್ಚಿಸಿದ್ದ. ಈಗ ಸುರಕ್ಷತಾ ದಿನದ ಸಭೆಯಲ್ಲಿ ಬೆರಳು ಕಳಕೊಂಡವನೇ ಎದ್ದು ನಿಂತು, ತಪ್ಪು ನನ್ನದು ಎನ್ನಬೇಕು. ಸರಿಯಾಗಿ ಒಪ್ಪಿಸಿದರೆ ಸ್ಟೋರ್ ರೂಮಿನಲ್ಲಿ ಕೂತು ಮಾಡುವ ಕೆಲಸ. ಎಡವಿದರೆ ಗೇಟು.

“ಮೇಷ್ಟ್ರೇ, ‘ಕಾರ್ಖಾನೆ ನನ್ನ ಕೈ ಬಿಡಲಿಲ್ಲ’ ಅನ್ನೋ ಕಡೆ ಜನ ನಗ್ತಾರೆ.”

“ಯಾಕೆ ನಗ್ತಾರೆ? ಅದು ನುಡಿಗಟ್ಟು.”

“ನಿಮಗೆ ನುಡಿಗಟ್ಟು. ನನಗೆ ಕೈ.”

ಸಭೆಯ ದಿನ ಬೆಳಿಗ್ಗೆ ಹೆಂಡತಿ ಅವನ ಅಂಗಿಗೆ ಗುಂಡಿ ಹಾಕಿದಳು. ಈಗ ದಿನಾ ಅವಳೇ ಹಾಕಬೇಕು. “ರೀ, ಸಿಟ್ಟು ಗಿಟ್ಟು ಎಲ್ಲ ಇವತ್ತೊಂದಿನ ನುಂಗ್ಕೊಂಡ್ಬಿಡಿ. ಬರ್ಕೊಟ್ಟಿದ್ದನ್ನ ಗಿಣಿ ಥರ ಒಪ್ಪಿಸಿ ಬನ್ನಿ, ಸಾಕು.” ಅವನು ಹೂಂ ಎಂದ. ಮನಸ್ಸಾರೆ ಎಂದ.

ಅಭ್ಯಾಸ ಮಾಡುವಾಗ ಮೈಕು ಸ್ಟ್ಯಾಂಡಿನ ಮೇಲಿತ್ತು. ಸಭೆಯಲ್ಲಿ ಆ ಸ್ಟ್ಯಾಂಡು ಮಾಲೀಕರ ಮುಂದೆ. ಮೈಕು ಹಿಡಿದರೆ ಅವರ ಅಂಗೈ ಬೆವರುತ್ತದಂತೆ. ಇವನಿಗೆ ಕೈ ಮೈಕು ಕೊಟ್ಟರು. ಬಲಗೈಯಲ್ಲಿ ಹಿಡಿದ, ಜಾರಿತು. ಎಡಗೈಗೆ ದಾಟಿಸಿ, ಬಲಗೈಯನ್ನು ಜೇಬಿಗಿಳಿಸಿ ಶುರು ಮಾಡಿದ. ಚೆನ್ನಾಗಿಯೇ ಮಾತಾಡಿದ. ತಪ್ಪು ನನ್ನದು ಎಂದಾಗ ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಸ್ಟೋರ್ ರೂಮಿನ ಕುರ್ಚಿ ಅವನ ಕಣ್ಣಿಗೆ ಕಟ್ಟಿತು.

“ಕಾರ್ಖಾನೆ ನಮಗೆ ಕೊಟ್ಟಿದ್ದು ಐದು!”

ಹತ್ತು ದಿನ ಉರು ಹೊಡೆದ ಪಾಠ. ಖಾಲಿ ಇದ್ದ ಬಲಗೈ ತನ್ನಷ್ಟಕ್ಕೆ ಜೇಬಿನಿಂದ ಮೇಲೆದ್ದಿತು. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು.

“ಏಯ್, ಮೂರೇ ಇದೆಯಲ್ಲೋ!” ಹಿಂದಿನಿಂದ ಯಾರೋ ಕೂಗಿದರು. ಶೆಡ್ಡು ಗೊಳ್ಳೆಂದಿತು. ಮರುಕ್ಷಣವೇ ತಾವು ಯಾವುದಕ್ಕೆ ನಕ್ಕೆವೆಂದು ತಿಳಿದು ನಕ್ಕವರೆಲ್ಲ ನಗು ನುಂಗಿಕೊಂಡರು.

“ಇಳಿಸೋ, ಕೈ ಇಳಿಸೋ!” ಪಕ್ಕದಿಂದ ಮೇಷ್ಟ್ರು ಪಿಸುಗುಟ್ಟಿದರು.

ಅವನು ಇಳಿಸುವವನೇ ಇದ್ದ. ಆದರೆ ಮುಂದಿನ ಸಾಲಿನಲ್ಲಿ ಒಬ್ಬ ಇನ್ನೂ ನಗುತ್ತಿದ್ದ, ಕರವಸ್ತ್ರ ಬಾಯಿಗೊತ್ತಿಕೊಂಡು, ಹೊಟ್ಟೆ ಕುಲುಕಿಸಿಕೊಂಡು. ಜಾಲರಿ ಬಿಚ್ಚಿಸಿದ ಮ್ಯಾನೇಜರ್.

ಅವನು ಕೈಯನ್ನು ಇನ್ನಷ್ಟು ಮೇಲೆತ್ತಿದ. ಬಾಯಿ ಮುಚ್ಚಿದ. ಮ್ಯಾನೇಜರನ ಮುಖದಿಂದ ಕಣ್ಣು ಕೀಳದೆ, ಹೇಳಿಕೊಟ್ಟಂತೆಯೇ ಒಂದೊಂದೇ ಬೆರಳು ಮಡಿಸಿದ. ಒಂದು. ಎರಡು. ಮೂರು. ಅಷ್ಟಕ್ಕೇ ಅದು ಮುಷ್ಟಿಯಾಯಿತು. ಹಾಗೇ ನಿಂತ. ಇನ್ನೂರು ಜನರ ಕಣ್ಣು ಆ ಮುಷ್ಟಿಯಿಂದ ಇಳಿದು ಮ್ಯಾನೇಜರನ ಮೇಲೆ ಕೂತವು. ಕೊನೆಗೆ ಮಾಲೀಕರೂ ಕತ್ತು ತಿರುಗಿಸಿದರು.

ಮ್ಯಾನೇಜರನ ನಗು ಎಲ್ಲಿ ಹೋಯಿತೋ. ಎದ್ದು ಬಂದು, “ಏನ್ರೀ ಕಲಿಸಿದ್ದು ಇವನಿಗೆ?” ಎಂದು ಮೇಷ್ಟ್ರ ತೋಳು ಹಿಡಿದೆಳೆದ. “ಎಷ್ಟೊತ್ತು ಹೀಗೇ ನಿಲ್ತಾನೆ?”

ಮೇಷ್ಟ್ರು ಹಣೆ ಒರೆಸಿಕೊಂಡರು. “ಐದಾಗೋವರೆಗೆ ಅಂದಿದ್ದೆ ಸಾರ್. ಆ ಕೈಯಲ್ಲಿ ಐದು ಯಾವಾಗ ಆಗುತ್ತೋ, ನೀವೇ ಹೇಳಿ.”