ಕೈ ತೊಳೆದ ನೀರು

ಹೊಗೆಮೋಡ ಸೂರ್ಯನನ್ನು ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಡಿ ವಿಟಮಿನ್ ಪುಡಿ ಮೊಟ್ಟೆ ಇಡುವ ಕೋಳಿಗಳಿಗೆ ಮಾತ್ರ. ಆ ಮೊಟ್ಟೆ ದೊಡ್ಡ ಮನೆಗಳಿಗೆ ಮಾತ್ರ. ಕೋಳಿಫಾರಂನಲ್ಲಿ ಮೇವಿಗೆ ಪುಡಿ ಕಲಸುವ ಹುಲಿಗೆವ್ವ ಸಂಜೆ ಎಂದಿನಂತೆ ಬೋಗುಣಿಯಲ್ಲಿ ಕೈ ತೊಳೆದಳು. ಪುಡಿ ಬೆರೆತ ಆ ನೀರನ್ನೂ ಕೋಳಿಗಳಿಗೇ ಕುಡಿಸುವುದು ಅಲ್ಲಿನ ಪದ್ಧತಿ.

"ಗೌಡ್ರ, ಇವತ್ತೊಂದಿನ ಈ ನೀರು ನನಗ ಕೊಡ್ರಿ. ಬಿಸಿಲು ಕಾಣದ ಮಗಳ ಕಾಲು ಬಿಲ್ಲಿನಂಗ ಬಾಗ್ಯಾವು," ಎಂದು ಅಂಗಲಾಚಿದಳು.

ಮೇಸ್ತ್ರಿ ರುದ್ರಗೌಡ ನಕ್ಕ. "ನಿನ್ನ ಮಗಳೇನು ತತ್ತಿ ಇಡ್ತಾಳೇನು?"

ಅವಳು ನೀರನ್ನು ತೊಟ್ಟಿಗೆ ಸುರಿದಳು. ಕೋಳಿಗಳು ನೆಟ್ಟನೆಯ ಕಾಲುಗಳ ಮೇಲೆ ಓಡೋಡಿ ಬಂದವು. ಹನ್ನೊಂದು ವರ್ಷ, ಒಂದು ದಿನವೂ ಬೆರಳು ನೆಕ್ಕದ ತನ್ನ ನಿಯತ್ತಿನ ಮೇಲೆ ಹುಲಿಗೆವ್ವಳಿಗೆ ಮೊದಲ ಸಲ ಹೇಸಿಗೆ ಹುಟ್ಟಿತು.