ಯಾರ ಪಾಲಿಗೂ ಸೇರದ ಒರಳು

ತೀರ್ಥಹಳ್ಳಿಯಿಂದ ಬಂದ ಮೇಸ್ತ್ರಿ ಅಂಗಳದ ನಡುವೆ ದಾರ ಬಿಗಿಯುವಷ್ಟರಲ್ಲಿ ವರದಮ್ಮ ಹೋಗಿ ಅದರಡಿಯ ಒರಳುಕಲ್ಲಿನ ಮೇಲೆ ಕೂತುಬಿಟ್ಟರು. ಮಕ್ಕಳಿಬ್ಬರ ಪಾಲು ಮುಗಿದಿತ್ತು, ನಡುಗೋಡೆಯೊಂದೇ ಬಾಕಿ.

ಮೊಮ್ಮಗಳು ದೀಪಶ್ರೀ ಬೆಳಿಗ್ಗೆ ಪರೀಕ್ಷೆಗೆ ಓದುತ್ತಾ ಹೇಳಿದ್ದು ಅವರ ತಲೆಯಲ್ಲಿತ್ತು: "ಜೀವಕೋಶ ಎರಡಾಗ್ಬೇಕಾದ್ರೆ ಒಳಗಿನ ಒಂದೊಂದು ವರ್ಣತಂತೂ ಎರಡೂ ಕಡೆಯ ಎಳೆಗೆ ಸಿಗ್ಬೇಕು ಅಜ್ಜಿ. ಒಂದೇ ಒಂದು ಸಿಗದಿದ್ರೂ ಪ್ರೋಟೀನು ತಡೆದು ನಿಲ್ಸುತ್ತೆ. ಅಲ್ಲೀವರೆಗೆ ನಡು ಕತ್ತರಿಸೋ ಹಾಗಿಲ್ಲ."

"ಏಳಮ್ಮ," ಅಂದ ಹಿರಿಯ ಮಗ ರವೀಶ್.

"ಈ ಒರಳು ಯಾರ ಪಾಲಿಗೆ?"

"ತಮ್ಮನಿಗೇ ಇರ್ಲಿ."

"ನಮ್ಮಲ್ಲಿ ಮಿಕ್ಸಿ ಇದೆ. ಅಣ್ಣನೇ ಇಟ್ಕೊಳ್ಲಿ," ಅಂದ ಪೂರ್ಣೇಶ್, ಮೇಸ್ತ್ರಿಯ ಮುಖ ನೋಡಿಕೊಂಡು.

ವರದಮ್ಮ ಎಲೆಅಡಿಕೆ ಚೀಲ ಬಿಚ್ಚಿದರು. "ನಿಧಾನಕ್ಕೆ ತೀರ್ಮಾನ ಮಾಡ್ಕೊಳ್ಳಿ. ಯಾರ ಪಾಲಿಗೆ ಹೋದ್ರೂ ಎತ್ತೋಕೆ ಇಬ್ರೂ ಬೇಕು."

ಮೇಸ್ತ್ರಿ ದಾರ ಬಿಚ್ಚಿ ಸುತ್ತತೊಡಗಿದ.