ಹಚಿಮನ್ ದೇವರಿಗೆ ಬಿಳಿ ಕುದುರೆ

ಹಿಂದೆ ಜಪಾನಿನ ಒಂದು ಸಣ್ಣ ಸೀಮೆಯ ದೊರೆ ಪಕ್ಕದ ಸೀಮೆಯ ಮೇಲೆ ಯುದ್ಧಕ್ಕೆ ಹೊರಟ. ಹೊರಡುವ ಮೊದಲು ಬೆಟ್ಟದ ಮೇಲಿನ ಹಚಿಮನ್ ಗುಡಿಗೆ ಹೋಗಿ, ಆ ಯುದ್ಧದೇವರಿಗೆ ತನ್ನ ಲಾಯದಲ್ಲೇ ಚೆಲುವಾದ ಬಿಳಿ ಕುದುರೆಯೊಂದನ್ನು ಒಪ್ಪಿಸಿ ಗೆಲುವು ಬೇಡಿಕೊಂಡ.

ವಾರ ಕಳೆಯುವಷ್ಟರಲ್ಲಿ ಸೋತು ಬಂದ. ಅರಮನೆಗೂ ಹೋಗದೆ ನೇರ ಗುಡಿಯ ಅಂಗಳಕ್ಕೆ ಬಂದು ಅರ್ಚಕರ ಮೇಲೆ ಹರಿಹಾಯ್ದ.

"ಏನ್ರೀ ನಿಮ್ಮ ದೇವರು! ಕಹಳೆ ಊದಿದ್ದೇ ತಡ, ನಾನು ಕೂತಿದ್ದ ಕುದುರೆ ಹಿಂದಕ್ಕೆ ತಿರುಗಿ ಓಡಿತು. ದೊರೆಯೇ ಓಡಿದ ಅಂತ ಸೈನ್ಯವೂ ಓಡಿತು. ಆ ಶತ್ರು ನಿಮಗೆ ಎರಡು ಕುದುರೆ ಕೊಟ್ಟನೇನು?"

"ಇಲ್ಲ ಪ್ರಭು, ಅವರ ಕಡೆಯಿಂದ ಯಾರೂ ಬರಲಿಲ್ಲ," ಎಂದು ಅರ್ಚಕರು ತಡವರಿಸಿದರು. "ನೀವು ಹೋದ ಮೇಲೆ ವಯಸ್ಸಾದ ಹೆಂಗಸೊಬ್ಬರು ಬಂದರು. ಎರಡು ಅಕ್ಕಿ ಉಂಡೆ ಇಟ್ಟು, 'ಗೆಲುವು ಸೋಲು ನಿನಗೆ ಬಿಟ್ಟದ್ದಪ್ಪಾ, ನನ್ನ ಮಗನನ್ನು ಮಾತ್ರ ಜೀವಂತವಾಗಿ ಹಿಂದಕ್ಕೆ ಕಳಿಸು' ಅಂತ ಹರಕೆ ಹೊತ್ತರು."

"ಯಾವನೋ ಹೇಡಿಯ ತಾಯಿ ಇಟ್ಟ ಅಕ್ಕಿ ಉಂಡೆಯ ಮುಂದೆ ನನ್ನ ಕುದುರೆ ಹಗುರವಾಯಿತೇ?" ದೊರೆ ಕತ್ತಿಯ ಹಿಡಿಗೆ ಕೈ ಹಾಕಿದ. "ಎಲ್ಲಿದ್ದಾಳೆ ಅವಳು? ಈಗಿಂದೀಗಲೇ ನನ್ನ ಮುಂದೆ ಬರಲಿ!"

ಅರ್ಚಕರು ಬಾಯಿ ತೆರೆಯುವ ಮೊದಲೇ ಗುಡಿಯ ಒಳಗಿನಿಂದ ದನಿ ಕೇಳಿತು:

"ಬಂದ್ಯಾ ಮಗಾ? ಅಲ್ಲೇ ನಿಂತು ಕೂಗಾಡಬೇಡ, ಕೈ ಬಾಯಿ ತೊಳ್ಕೊಂಡು ಬಾ. ಹರಕೆ ತೀರಿಸ್ಬೇಕು."